ಸ್ಕೋರ್ ಶೀಟಿನಲ್ಲೇ ಉಳಿದುಬಿಡುವ ಆಟಗಾರರು

ಆಗಸ್ಟ್ ಬಂತೆಂದರೆ ಹೂವಿನಹಡಗಲಿಯ ಮೈದಾನಕ್ಕೆ ಸುಣ್ಣದ ಗೆರೆ ಬೀಳುತ್ತದೆ. ಹೊಳಲು, ಸೋಗಿ, ಇಟ್ಟಿಗಿ, ಹಿರೇಹಡಗಲಿ, ಮೈಲಾರದ ಕಡೆಯಿಂದ ಮಕ್ಕಳು ಟಂಟಂ ತುಂಬಿಕೊಂಡು ತಾಲ್ಲೂಕು ಕ್ರೀಡಾಕೂಟಕ್ಕೆ ಬಂದಿಳಿಯುತ್ತಾರೆ. ಪಿ.ಟಿ. ಮಾಸ್ತರರ ಕಂಕುಳಲ್ಲಿ ಫೈಲು. ಅದರೊಳಗೆ ಹೆಡ್‌ಮಾಸ್ತರರ ಸಹಿ, ಸೀಲು ಬಿದ್ದ ಎಂಟ್ರಿ ಫಾರಂ, ಹುಟ್ಟಿದ ತಾರೀಖಿನ ದೃಢೀಕರಣ, ಅಂಟಿಸಿದ ಫೋಟೊ. ಖೋಖೋ ಅಂಕಣದ ಪಕ್ಕಕ್ಕೊಂದು ಮೇಜು ಹಾಕಿಕೊಂಡು ಸ್ಕೋರರ್ ಕೂತಿರುತ್ತಾರೆ. ಓಟಕ್ಕೆ ಇಳಿದ ಹುಡುಗಿ ಎಷ್ಟು ಹೊತ್ತು ಸಿಕ್ಕಿಬೀಳದೆ ನಿಂತಳು, ಅವಳನ್ನು ಔಟ್ ಮಾಡಿದವಳ ನಂಬರು ಯಾವುದು, ಎಲ್ಲವನ್ನೂ ನಿಮಿಷ, ಸೆಕೆಂಡು ಸಮೇತ ಬರೆಯಲು ಆ ಹಾಳೆಯಲ್ಲಿ ಜಾಗವಿದೆ. ಪಂದ್ಯ ಮುಗಿಯುತ್ತದೆ. ಮೈಕಿನಲ್ಲಿ ಗೆದ್ದ ಶಾಲೆಯ ಹೆಸರು ಕೇಳುತ್ತದೆ. ಹಾಳೆ ಬಂಡಲಿಗೆ ಸೇರುತ್ತದೆ, ಬಂಡಲು ಬೀರುವಿಗೆ. ಮತ್ತೆ ಅದನ್ನು ಕೇಳುವವರಿಲ್ಲ.

ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುವ ಮಗು ಆಟದ ಬಲದ ಮೇಲೆ ಒಳ್ಳೆಯ ಕಾಲೇಜು ಸೇರುವ ದಾರಿ ನಮ್ಮಲ್ಲಿ ಹೇಗಿದೆ ಎಂದು ನೋಡಹೊರಟರೆ ನನ್ನ ತಕರಾರು ಈ ಬೀರುವಿನಿಂದಲೇ ಶುರುವಾಗುತ್ತದೆ. ಕ್ರೀಡಾ ಕೋಟಾದಲ್ಲಿ ಸೀಟು ಸಿಗುತ್ತದಂತೆ ಎಂಬ ಮಾತು ಹಡಗಲಿ, ಕೊಟ್ಟೂರು, ಕೂಡ್ಲಿಗಿಯ ಪ್ರತಿ ಓಣಿಯಲ್ಲೂ ಇದೆ. ಯಾರಿಗೆ ಸಿಗುತ್ತದೆ, ಯಾವಾಗ ಕೇಳಬೇಕು, ಯಾರನ್ನು ಕೇಳಬೇಕು ಎಂದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಕೊನೆಗೆ ಎಲ್ಲರೂ ಬೆರಳು ತೋರಿಸುವುದು ಪಿ.ಟಿ. ಮಾಸ್ತರರ ಕಡೆಗೆ. ಆ ಮಾಸ್ತರರ ಹುದ್ದೆಯೇ ಖಾಲಿ ಇರುವ ಸರ್ಕಾರಿ ಶಾಲೆಗಳು ಎಷ್ಟೋ ಇವೆ.

ಮೊದಲು ಏಣಿಯನ್ನು ನೋಡೋಣ. ವಲಯ ಅಥವಾ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ವಿಜಯನಗರ ಜಿಲ್ಲೆ ಕಲಬುರಗಿ ವಿಭಾಗಕ್ಕೆ ಸೇರಿದ್ದು. ಹಡಗಲಿಯ ತಂಡ ಜಿಲ್ಲೆ ಗೆದ್ದರೆ ಮುಂದಿನ ಪಂದ್ಯ ಬೀದರಿನಲ್ಲೂ ಇರಬಹುದು, ಯಾದಗಿರಿಯಲ್ಲೂ ಇರಬಹುದು. ಓಟ, ಜಿಗಿತ, ಎಸೆತದಲ್ಲಿ ಹುಡುಗ ಒಬ್ಬನೇ ಈ ಏಣಿ ಹತ್ತಬಲ್ಲ. ನೂರು ಮೀಟರಿನಲ್ಲಿ ಮೊದಲು ಬಂದವನನ್ನು ಅವನ ಶಾಲೆ ಚಿಕ್ಕದು ಎಂದು ಯಾರೂ ಕೆಳಗಿಳಿಸಲಾರರು. ಗುಂಪು ಆಟಗಳಲ್ಲಿ ಹಾಗಲ್ಲ, ಅಲ್ಲಿ ಹತ್ತಬೇಕಾದದ್ದು ಇಡೀ ತಂಡ. ಖೋಖೋ ತಂಡದಲ್ಲಿ ಒಬ್ಬ ಹುಡುಗಿ ಮೂರು ನಿಮಿಷ ಯಾರ ಕೈಗೂ ಸಿಗದೆ ಓಡಿ, ಉಳಿದವರು ಬಂದ ಹಾಗೆಯೇ ಔಟಾಗಿ ಹೋದರೆ ಆ ಶಾಲೆ ತಾಲ್ಲೂಕಿನಲ್ಲೇ ಸೋಲುತ್ತದೆ. ಸೋತ ತಂಡ ಊರಿಗೆ, ಅವಳೂ ಊರಿಗೆ. ಅವಳಿಗಿಂತ ಸಾಧಾರಣವಾಗಿ ಆಡಿ ಬಲಿಷ್ಠ ತಂಡದಲ್ಲಿ ಕೂತವಳು ಜಿಲ್ಲೆಗೆ ಹೋಗುತ್ತಾಳೆ, ಸರ್ಟಿಫಿಕೇಟು ಪಡೆಯುತ್ತಾಳೆ. ಮುಂದೆ ಕಾಲೇಜಿನ ಕಚೇರಿಯಲ್ಲಿ ಮೇಜಿನ ಮೇಲೆ ಬೀಳುವುದು ಆ ಸರ್ಟಿಫಿಕೇಟು ಮಾತ್ರ.

ಸರ್ಟಿಫಿಕೇಟಿನಲ್ಲೂ ಜಾತಿಗಳಿವೆ. ಕೇಂದ್ರ ಸರ್ಕಾರ ಕ್ರೀಡಾಪಟುಗಳ ನೇಮಕಾತಿಗೆ ಮಾಡಿಕೊಂಡ ನಮೂನೆಗಳಲ್ಲಿ ಮುಖ್ಯವಾದವು ನಾಲ್ಕು: ಅಂತರರಾಷ್ಟ್ರೀಯ ಕೂಟಕ್ಕೆ ನಮೂನೆ 1, ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿಗೆ ನಮೂನೆ 2, ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ನಮೂನೆ 3, ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ನಮೂನೆ 4. ಅಂದರೆ ಹೈಸ್ಕೂಲು ಮಗುವಿನ ಕೈಗೆ ಎಟಕುವುದು ಬಹುತೇಕ ನಾಲ್ಕನೆಯದು, ಅದೂ ರಾಜ್ಯ ತಂಡದಲ್ಲಿ ಆಡಿದ್ದರೆ. ತಾಲ್ಲೂಕಿನಲ್ಲಿ ಸೋತ ಶಾಲೆಯ ಆಟಗಾರ್ತಿಗೂ ನಮೂನೆ 4ಕ್ಕೂ ನಡುವೆ ನಾಲ್ಕು ಮೆಟ್ಟಿಲು ಇವೆ, ಒಂದನ್ನೂ ಅವಳು ಒಬ್ಬಳೇ ಹತ್ತುವಂತಿಲ್ಲ.

ಈ ಮಾತಿಗೆ ಗಾಲ್ಫನ್ನು ತರುತ್ತಿದ್ದೇನೆ ಎಂದರೆ ಓದುಗರಿಗೆ ನಗು ಬರಬಹುದು. ಹಡಗಲಿಯಲ್ಲಿ ಗಾಲ್ಫ್ ಅಂಗಳವಿಲ್ಲ. ಇರುವ ನೀರಾವರಿ ಜಮೀನಿಗೆ ಮಲ್ಲಿಗೆ, ಮೆಕ್ಕೆಜೋಳ, ಈರುಳ್ಳಿ ಸಾಕು. ಆದರೆ ಹೈಸ್ಕೂಲು ಆಟಗಾರರನ್ನು ಕಾಲೇಜುಗಳು ಆರಿಸಿಕೊಳ್ಳುವ ಪದ್ಧತಿಯನ್ನು ಅಕ್ಷರಕ್ಕೆ ಅಕ್ಷರ ಬರೆದಿಟ್ಟುಕೊಂಡು ನಡೆಸುವ ದೇಶ ಅಮೆರಿಕ, ಆ ಪದ್ಧತಿಯಲ್ಲಿ ಅಂಕಿಯ ಆಟ ಯಾವುದೆಂದರೆ ಗಾಲ್ಫ್. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನಮ್ಮಲ್ಲಿ ಏನು ಕಾಣೆಯಾಗಿದೆ ಎಂಬುದು ಬೇಗ ಕಣ್ಣಿಗೆ ಬೀಳುತ್ತದೆ.

ಅಲ್ಲಿ ಕಾಲೇಜು ಕ್ರೀಡೆಯನ್ನು ನಡೆಸುವ ದೊಡ್ಡ ಸಂಸ್ಥೆ ಎನ್.ಸಿ.ಎ.ಎ. ಅದರೊಳಗೆ ಮೂರು ಡಿವಿಷನ್. ಮೂರನೆಯದರಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನವೇ ಇಲ್ಲ. ಮೊದಲನೆಯದರಲ್ಲಿ ಗಾಲ್ಫ್ ಕೋಚ್ ಒಬ್ಬ ವಿದ್ಯಾರ್ಥಿಯ ಜೊತೆ ಸೇರ್ಪಡೆಯ ಮಾತಾಡಬಹುದಾದದ್ದು ಅವನು ಹತ್ತನೆಯ ತರಗತಿ ಮುಗಿಸಿದ ವರ್ಷದ ಜೂನ್ 15ರಿಂದ. ಅದಕ್ಕೆ ಮೊದಲು ಹುಡುಗ ಎಷ್ಟು ಪತ್ರ ಬರೆದರೂ ಕೋಚ್ ಈ ವಿಷಯಕ್ಕೆ ಉತ್ತರ ಕೊಡುವಂತಿಲ್ಲ. ಕಾಲೇಜಿನ ಖರ್ಚಿನಲ್ಲಿ ಕ್ಯಾಂಪಸ್ ನೋಡಲು ಹೋಗುವುದು ಹನ್ನೊಂದನೆಯ ತರಗತಿಯ ಆಗಸ್ಟ್ 1ರ ನಂತರ. ತಾರೀಖು ಎಲ್ಲರಿಗೂ ಒಂದೇ. ಟೆಕ್ಸಾಸಿನ ಶ್ರೀಮಂತನ ಮಗನಿಗೂ ಅದೇ, ಸ್ಕಾಲರ್‌ಷಿಪ್ ನಂಬಿಕೊಂಡವನಿಗೂ ಅದೇ.

ಕೋಚ್ ನೋಡುವುದು ಪದಕವನ್ನಲ್ಲ, ಸ್ಕೋರನ್ನು. ಎರಡು, ಮೂರು ದಿನ ನಡೆಯುವ ಪಂದ್ಯಾವಳಿಯಲ್ಲಿ ಹುಡುಗ ಎಷ್ಟೆಷ್ಟು ಹೊಡೆತದಲ್ಲಿ ಮುಗಿಸಿದ, ಆ ಅಂಗಳ ಎಷ್ಟು ಕಷ್ಟದ್ದು ಎಂಬ ಎರಡೂ ಲೆಕ್ಕಕ್ಕೆ ಬರುತ್ತವೆ. ಪ್ರತಿ ಅಂಗಳಕ್ಕೂ ಕಷ್ಟದ ಮಾಪನವೊಂದು ಇರುವುದರಿಂದ ಸುಲಭದ ಅಂಗಳದ 72ಕ್ಕಿಂತ ಕಠಿಣ ಅಂಗಳದ 75 ಮೇಲಾಗಬಹುದು. ಹದಿನೇಳನೆಯ ಸ್ಥಾನಕ್ಕೆ ಬಂದವನನ್ನೂ ಕೋಚ್ ಕರೆಯುತ್ತಾನೆ, ಕೊನೆಯ ದಿನದ ಸ್ಕೋರ್ ಚೆನ್ನಾಗಿದ್ದರೆ. ಸೋತವನ ಅಂಕಿಯೂ ಉಳಿಯುತ್ತದೆ ಎಂಬುದೇ ಈ ಪದ್ಧತಿಯ ದೊಡ್ಡ ಗುಣ.

ದೋಷಗಳೂ ದೊಡ್ಡವೇ. ಅಂಕಿ ಸಂಪಾದಿಸಲು ಪಂದ್ಯಾವಳಿ ಬೇಕು. ಪಂದ್ಯಾವಳಿಗೆ ಪ್ರವೇಶ ಶುಲ್ಕ, ವಿಮಾನ, ಹೋಟೆಲು, ಜೊತೆಗೆ ಒಬ್ಬ ಪೋಷಕ. ಬಡವನ ಮಗ ಎಷ್ಟು ಚೆನ್ನಾಗಿ ಆಡಿದರೂ ಆಡಿದ್ದನ್ನು ದಾಖಲಿಸುವ ಕಡೆಗೆ ಹೋಗುವುದೇ ಅವನಿಗೆ ದುಬಾರಿ. ವಿದ್ಯಾರ್ಥಿವೇತನವೂ ಹೊರಗಿನವರು ತಿಳಿದಷ್ಟು ಧಾರಾಳವಲ್ಲ. ಬಹುಕಾಲ ಡಿವಿಷನ್ ಒಂದರ ಪುರುಷರ ಗಾಲ್ಫ್ ತಂಡಕ್ಕೆ ಒಟ್ಟು ನಾಲ್ಕೂವರೆ, ಮಹಿಳೆಯರ ತಂಡಕ್ಕೆ ಆರು ಪೂರ್ಣ ವಿದ್ಯಾರ್ಥಿವೇತನ ಎಂಬ ಮಿತಿಯಿತ್ತು. ಅದನ್ನೇ ಕೋಚ್ ಎಂಟು ಹತ್ತು ಜನರಿಗೆ ಹರಿದು ಹಂಚುತ್ತಿದ್ದ. 2025ರ ನ್ಯಾಯಾಲಯದ ಒಪ್ಪಂದದ ನಂತರ ಅದನ್ನು ಒಪ್ಪಿಕೊಂಡ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ ಒಂಬತ್ತೇ ಜನ ಎಂಬ ಮಿತಿ ಬಂದಿದೆ. ಬಾಯಿಮಾತಿನ ಒಪ್ಪಿಗೆಗೆ ಅಲ್ಲೂ ಬೆಲೆಯಿಲ್ಲ. ಬೆಲೆಯಿರುವುದು ಸಹಿ ಬಿದ್ದ ನೆರವಿನ ಒಪ್ಪಂದಕ್ಕೆ. ಅಷ್ಟಾದರೂ ಇದೆಯಲ್ಲ ಎಂಬುದು ನನ್ನ ಹೊಟ್ಟೆಕಿಚ್ಚು.

ಕರ್ನಾಟಕದ ಗಾಲ್ಫ್ ಈ ದಾರಿಯನ್ನು ಹೆಚ್ಚು ನೆಚ್ಚಿಕೊಂಡಿಲ್ಲ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಅದಿತಿ ಅಶೋಕ್ ಅಮೆರಿಕದ ಕಾಲೇಜು ತಂಡ ಸೇರದೆ 2016ರಲ್ಲಿ, ಹದಿನೆಂಟು ತುಂಬುವ ಮೊದಲೇ ವೃತ್ತಿಪರರಾದರು. ಅದೇ ವರ್ಷ ರಿಯೊ ಒಲಿಂಪಿಕ್ಸ್ ಆಡಿದರು. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ ಅವರು ಒಂದೇ ಹೊಡೆತದಲ್ಲಿ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದ ಬೆಳಿಗ್ಗೆ, ಗಾಲ್ಫ್ ಎಂದರೆ ಏನೆಂದೇ ಗೊತ್ತಿಲ್ಲದ ನಮ್ಮ ಕಡೆಯ ಮನೆಗಳಲ್ಲೂ ಟೀವಿ ಹಾಕಿಕೊಂಡು ಕೂತಿದ್ದರು. ಇನ್ನೊಬ್ಬರು ಚಿಕ್ಕರಂಗಪ್ಪ. ಬಿಡದಿ ಹತ್ತಿರ ಈಗಲ್‌ಟನ್ ಗಾಲ್ಫ್ ಅಂಗಳದ ಪಕ್ಕದ ಹಳ್ಳಿಯ ಹುಡುಗ, ಚೆಂಡು ಹೆಕ್ಕುತ್ತ ಆಟ ಕಲಿತು, ಅಲ್ಲಿನ ಕೋಚ್ ವಿಜಯ್ ದಿವೇಚಾ ಕಣ್ಣಿಗೆ ಬಿದ್ದು ದೇಶದ ವೃತ್ತಿಪರ ಪಂದ್ಯಾವಳಿಗಳನ್ನು ಗೆದ್ದವರು. ಅವರ ಪ್ರತಿಭೆ ಅವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಗಳ ಹಳ್ಳಿಯ ಪಕ್ಕಕ್ಕೇ ಬಂದಿತ್ತು, ನೋಡುವ ಕಣ್ಣೊಂದು ಅಲ್ಲಿ ದಿನವೂ ಇತ್ತು. ಅಂಗಳವೂ ಬಾರದ, ಕಣ್ಣೂ ಇಲ್ಲದ ಊರಿನ ಮಕ್ಕಳ ಪಾಡು ಬೇರೆ.

ನಮ್ಮ ಆಟಗಾರರ ಮುಂದೆ ಈಗ ಇರುವ ಬಾಗಿಲು ಮುಖ್ಯವಾಗಿ ಮೂರು.

ಮೊದಲನೆಯದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಶಾಲೆ, ಕ್ರೀಡಾ ವಸತಿ ನಿಲಯಗಳು. ಬೆಂಗಳೂರಿನ ವಿದ್ಯಾನಗರದ ಶಾಲೆ ಇವುಗಳಲ್ಲಿ ಹೆಸರಾದದ್ದು. ಇಲ್ಲಿ ಮಗುವಿನ ಎತ್ತರ, ಓಟದ ವೇಗ, ಜಿಗಿತ, ಎಸೆತವನ್ನು ಅಳೆದು ಆರಿಸುತ್ತಾರೆ. ಒಪ್ಪತಕ್ಕದ್ದೇ. ಯಾವ ಶಾಲೆಯ ತಂಡ ಎಲ್ಲಿ ಸೋತಿತು ಎಂಬುದು ಟೇಪಿಗೂ ಗಡಿಯಾರಕ್ಕೂ ಬೇಕಿಲ್ಲ. ನನ್ನ ಆಕ್ಷೇಪ ಬೇರೆ. ಕಿರಿಯರ ಆಯ್ಕೆ ನಡೆಯುವುದು ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ, ಆಗ ನಮ್ಮ ಹಳ್ಳಿಯ ಮಕ್ಕಳ ದೇಹ ಇನ್ನೂ ಬೆಳವಣಿಗೆಯ ಹಿಂದೆ ಬಿದ್ದಿರುತ್ತದೆ. ಒಂಬತ್ತನೆಯ ತರಗತಿಗೆ ಬಂದು ಒಮ್ಮೆಲೇ ಬೆಳೆದು ನಿಂತವನಿಗೆ ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ಹಿರಿಯರ ಆಯ್ಕೆಯೇ ಗತಿ, ಅಲ್ಲಿ ಜಾಗ ಕಡಿಮೆ. ಜೊತೆಗೆ ಟೇಪು ಕಾಲಿನ ಬಲ ಅಳೆಯುತ್ತದೆ. ಖೋಖೋದಲ್ಲಿ ಕಂಬದ ಹತ್ತಿರ ಬೆನ್ನಟ್ಟಿ ಬಂದವಳ ಭುಜ ಯಾವ ಕಡೆ ವಾಲಿದೆ ಎಂದು ಓದಿ ಎದುರು ದಿಕ್ಕಿಗೆ ಜಾರುವ ಬುದ್ಧಿಯನ್ನು ಯಾವ ಟೇಪೂ ಅಳೆಯಲಾರದು.

ಎರಡನೆಯದು ಸಿ.ಇ.ಟಿ. ಅರ್ಜಿಯಲ್ಲಿ ಬರುವ ಕ್ರೀಡಾ ಕೋಟಾ. ಇದನ್ನು ಕಾಗದದ ಬಾಗಿಲು ಎನ್ನಬಹುದು. ಅರ್ಜಿಯಲ್ಲಿ ಕ್ರೀಡೆ ಎಂದು ಗುರುತು ಹಾಕಿ, ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಪರೀಕ್ಷಾ ಪ್ರಾಧಿಕಾರದ ಮುಂದೆ ಮೂಲ ಪ್ರಮಾಣಪತ್ರಗಳನ್ನು ಇಡಬೇಕು. ಹಡಗಲಿಯಿಂದ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು, ಸರದಿಯಲ್ಲಿ ನಿಲ್ಲುವ ತಂದೆ, ಮಗಳು ಇದನ್ನು ಬಲ್ಲರು. ಅಲ್ಲಿ ಮಗಳು ಆಡುವುದನ್ನು ಯಾರೂ ನೋಡುವುದಿಲ್ಲ, ನೋಡುವ ಉದ್ದೇಶವೂ ಆ ಪದ್ಧತಿಗೆ ಇಲ್ಲ. ಯಾವ ಮಟ್ಟದ ಕೂಟ, ಎಷ್ಟನೆಯ ಸ್ಥಾನ, ಯಾರ ಸಹಿ, ಮುಗಿಯಿತು. ವಶೀಲಿ ನಡೆಯಬಾರದು ಎಂಬ ಕಾರಣಕ್ಕೆ ಹೀಗೆ ಮಾಡಿದ್ದಾರೆಂದು ವಾದಿಸಬಹುದು, ನಾನೂ ಅಷ್ಟರಮಟ್ಟಿಗೆ ಒಪ್ಪುತ್ತೇನೆ. ಮೈದಾನದಲ್ಲಿ ಟ್ರಯಲ್ಸ್ ಇಟ್ಟರೆ ಯಾರ ಮಗ ಯಾರ ಅಳಿಯ ಎಂಬ ಲೆಕ್ಕ ಶುರುವಾಗುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಕಾಗದಕ್ಕೆ ಮಾತ್ರ ಬೆಲೆ ಕಟ್ಟಿದ ಕಡೆ ನಕಲಿ ಕಾಗದ ಹುಟ್ಟುತ್ತದೆ. ಹುಟ್ಟಿದ ತಾರೀಖು ತಿದ್ದಿದವರು, ಆಡದ ಕೂಟದ ಸರ್ಟಿಫಿಕೇಟು ತಂದವರು ಸಿಕ್ಕಿಬಿದ್ದದ್ದೂ ಇದೆ. ವಶೀಲಿಯನ್ನು ಹೊರಗಿಟ್ಟಿತೇ ಎಂದರೆ ಅದೂ ಇಲ್ಲ. ಅದು ಮೈದಾನ ಬಿಟ್ಟು ಕಚೇರಿಗೆ ಬಂದು ಕೂತಿತು, ಅಷ್ಟೆ.

ಮೂರನೆಯದು ಖಾಸಗಿ ಕಾಲೇಜುಗಳು. ನಿಜವಾದ ಅರ್ಥದಲ್ಲಿ ಆಟಗಾರರನ್ನು ಹುಡುಕಿ, ನೋಡಿ, ಕರೆತರುವ ಕೆಲಸ ಕರ್ನಾಟಕದಲ್ಲಿ ನಡೆದಿರುವುದು ಇಲ್ಲಿಯೇ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಕ್ರೀಡಾ ದತ್ತು ಯೋಜನೆಯನ್ನು ಅರಿಯದ ಪಿ.ಟಿ. ಮಾಸ್ತರರು ಈ ರಾಜ್ಯದಲ್ಲಿ ಇರಲಾರರು. ಮೋಹನ ಆಳ್ವರು ಕಟ್ಟಿದ ಈ ಸಂಸ್ಥೆ ಆಯ್ಕೆಯಾದವರಿಗೆ ಓದು, ಊಟ, ವಸತಿ, ತರಬೇತಿ ಕೊಟ್ಟು, ಮಂಗಳೂರು ವಿಶ್ವವಿದ್ಯಾಲಯವನ್ನು ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸಿನಲ್ಲಿ ಮುಂಚೂಣಿಗೆ ತಂದಿದೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸಿನಲ್ಲಿ ಬೆಳ್ಳಿ ಗೆದ್ದ ತಮಿಳುನಾಡಿನ ಧರುಣ್ ಅಯ್ಯಸಾಮಿ ಓದಿದ್ದು ಅಲ್ಲಿಯೇ. ತಿರುಪ್ಪೂರಿನ ಹುಡುಗನನ್ನು ಕಂಡ ಕಣ್ಣಿಗೆ ತುಂಗಭದ್ರೆಯ ದಂಡೆ ದೂರವೇನಲ್ಲ. ಉಜಿರೆಯ ಎಸ್.ಡಿ.ಎಂ. ಕಾಲೇಜು ವಾಲಿಬಾಲಿಗೆ ಹೆಸರು ಮಾಡಿದೆ, ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯ 2022ರಲ್ಲಿ ತಾನೇ ಆತಿಥ್ಯ ವಹಿಸಿದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕೂಟದಲ್ಲಿ ಮೊದಲ ಸ್ಥಾನ ಪಡೆಯಿತು. ಇವರಿಗೆ ಪದಕ ಬೇಕು, ಪದಕ ಬೇಕಾದವನು ಆಟಗಾರನನ್ನು ಕಣ್ಣಾರೆ ನೋಡಲೇಬೇಕು. ಸ್ವಾರ್ಥವೇ ಇರಲಿ, ನೋಡುವ ಸ್ವಾರ್ಥ ನೋಡದ ನಿಷ್ಪಕ್ಷಪಾತಕ್ಕಿಂತ ಮೇಲು.

ಹೊಗಳಿಕೆ ಇಲ್ಲಿಗೆ ಸಾಕು. ರಾಜ್ಯದ ಉದ್ದಗಲಕ್ಕೆ ಈಗ ಚಿಕ್ಕ ದೊಡ್ಡ ಅನೇಕ ಕಾಲೇಜುಗಳು ಇದೇ ಹಾದಿ ಹಿಡಿದಿವೆ, ಎಲ್ಲರಿಗೂ ಅದೇ ಶಿಸ್ತು ಇಲ್ಲ. ನಮ್ಮ ಕಡೆ ನಡೆಯುವುದು ಹೀಗೆ. ಕಾಲೇಜಿನವರು ಮಾಸ್ತರರಿಗೆ ಫೋನು ಮಾಡುತ್ತಾರೆ. "ಸರ, ಹುಡುಗಿ ಚಲೋ ಆಡ್ತಾಳಂತಲ್ರೀ, ಕಳಸ್ರಿ, ಎಲ್ಲಾ ಫ್ರೀ." ಮಾಸ್ತರರು ಮನೆಗೆ ಹೋಗಿ ತಂದೆಗೆ ಹೇಳುತ್ತಾರೆ. ತಂದೆ ಎರಡು ದಿನ ಯೋಚಿಸಿ, ಮಗಳನ್ನು ಟ್ರಂಕು ಸಮೇತ ಬಸ್ಸು ಹತ್ತಿಸುತ್ತಾನೆ. 'ಎಲ್ಲಾ ಫ್ರೀ' ಎಂದರೆ ಎಷ್ಟು ವರ್ಷ ಫ್ರೀ? ಊಟವೂ ಸೇರಿತೇ, ಪರೀಕ್ಷಾ ಶುಲ್ಕವೂ? ಮೊಣಕಾಲಿನ ಲಿಗಮೆಂಟು ಹರಿದರೆ ಆಸ್ಪತ್ರೆಯ ಬಿಲ್ಲು ಯಾರದು, ಮರುವರ್ಷದ ಸೀಟು ಯಾರದು? ವಿಜ್ಞಾನ ಓದುವ ಆಸೆಯಿದ್ದವಳಿಗೆ ಅಭ್ಯಾಸದ ಹೊತ್ತಿಗೆ ಸರಿಹೊಂದುತ್ತದೆಂದು ಬೇರೆ ವಿಭಾಗ ಕೊಟ್ಟರೆ ಕೇಳುವವರು ಯಾರು? ನಡುವೆ ಬಿಟ್ಟು ಬರಬೇಕಾದರೆ ಟಿ.ಸಿ. ಮತ್ತು ಮಾರ್ಕ್ಸ್ ಕಾರ್ಡು ಕೊಡುತ್ತಾರೋ, ಅಷ್ಟೂ ವರ್ಷದ ಫೀಜು ಕಟ್ಟು ಎನ್ನುತ್ತಾರೋ? ಇವುಗಳಲ್ಲಿ ಒಂದಕ್ಕೂ ಉತ್ತರ ಕಾಗದದ ಮೇಲೆ ಇರುವುದಿಲ್ಲ. ಪ್ರತಿಷ್ಠಿತವೆನಿಸಿಕೊಂಡ ಕಾಲೇಜೊಂದರಿಂದ ಕಾಲು ಉಳುಕಿಸಿಕೊಂಡು ಊರಿಗೆ ಮರಳಿ, ಮಾರ್ಕ್ಸ್ ಕಾರ್ಡಿಗಾಗಿ ತಿಂಗಳುಗಟ್ಟಲೆ ಓಡಾಡಿದ ಕುಟುಂಬವನ್ನು ನಾನು ಬಲ್ಲೆ. ಅವರ ಕೈಯಲ್ಲಿ ತೋರಿಸಲು ಇದ್ದದ್ದು ಆ ಫೋನಿನ ನಂಬರು ಮಾತ್ರ.

ಇಲ್ಲಿ ಮಾಸ್ತರರನ್ನು ದೂರಿ ಪ್ರಯೋಜನವಿಲ್ಲ. ಈ ವ್ಯವಸ್ಥೆಯಲ್ಲಿ ಮಗುವನ್ನು ನೋಡುವ ಒಬ್ಬನೇ ಮನುಷ್ಯ ಅವರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪಿನಲ್ಲಿ ಭಾರತದ ಎರಡೂ ತಂಡಗಳು ಗೆದ್ದವು. ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು, ಊರಿನ ಶಾಲೆಯ ಮಾಸ್ತರರ ಕೈಯಲ್ಲಿ ಆಟ ಕಲಿತವರು. ಹಳ್ಳಿಯ ಶಾಲೆಯಿಂದ ವಿಶ್ವಕಪ್ಪಿಗೆ ಹೋಗುವುದು ಸಾಧ್ಯ ಎಂದು ಇದು ಹೇಳುತ್ತದೆ. ಒಬ್ಬ ಮಾಸ್ತರರ ಮೇಲೆ ಇಡೀ ದಾರಿ ನಿಂತಿದೆ ಎಂದೂ ಹೇಳುತ್ತದೆ. ಅವರು ವರ್ಗವಾದರೆ, ನಿವೃತ್ತರಾದರೆ, ಅಥವಾ ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕಕ್ಕೆ ಸಿಕ್ಕಿಹಾಕಿಕೊಂಡರೆ ಆ ವರ್ಷದ ಮಕ್ಕಳ ಕಥೆ ಅಷ್ಟೇ.

ನಮ್ಮ ಕಡೆಯ ಜನಕ್ಕೆ ದಾರಿ ಹುಡುಕಿಕೊಳ್ಳಲು ಬರುವುದಿಲ್ಲ ಎಂದು ಯಾರಾದರೂ ಅಂದರೆ ಅವರಿಗೆ ಕೊಟ್ಟೂರನ್ನು ತೋರಿಸಬೇಕು. ಅಲ್ಲಿನ ಇಂದು ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳು 2018, 2019, 2020ರಲ್ಲಿ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ರಾಜ್ಯಕ್ಕೆ ಮೊದಲಿಗರಾದರು. 2025ರಲ್ಲಿ ಅಲ್ಲಿಯ ವಿದ್ಯಾರ್ಥಿನಿ 600ಕ್ಕೆ 597 ಅಂಕ ಪಡೆದು ಮತ್ತೆ ಮೊದಲ ಸ್ಥಾನಕ್ಕೆ ಬಂದಳು. ಕೂಲಿ, ಪಂಕ್ಚರ್ ಅಂಗಡಿ, ಒಣಬೇಸಾಯದ ಮನೆಗಳ ಮಕ್ಕಳು ಇವರು. ಇದು ಹೇಗಾಯಿತು? ಅಂಕ ಎಂಬುದು ಎಲ್ಲರಿಗೂ ಕಾಣುತ್ತದೆ, ಉಳಿಯುತ್ತದೆ, ಊರೂರು ದಾಟುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಕಡಿಮೆ ಫಲಿತಾಂಶ ಬಂದ ಶಾಲೆಯಲ್ಲಿ ಓದಿದವಳ ಅಂಕವನ್ನು ಅವಳ ಶಾಲೆಯ ಸರಾಸರಿಗೆ ಇಳಿಸಿ ಯಾರೂ ಕೊಡುವುದಿಲ್ಲ. ಖೋಖೋ ಆಡಿದವಳಿಗೆ ನಾವು ಮಾಡುತ್ತಿರುವುದು ನಿಖರವಾಗಿ ಅದನ್ನೇ. ಅವಳ ಅಂಕವನ್ನು ತಂಡದ ಸೋಲಿನಲ್ಲಿ ಮುಳುಗಿಸಿ ಮನೆಗೆ ಕಳಿಸುತ್ತೇವೆ.

ಮತ್ತೊಂದು ಉದಾಹರಣೆ ಕಲ್ಯಾಣ ಕರ್ನಾಟಕದ 371-ಜೆ ಮೀಸಲಾತಿ. ಎ.ಸಿ. ಕಚೇರಿಯ ಆ ಅರ್ಹತಾ ಪತ್ರಕ್ಕೆ ಏನೇನು ದಾಖಲೆ ಬೇಕು ಎಂದು ಹಗರಿಬೊಮ್ಮನಹಳ್ಳಿಯ ಚಹಾದಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಹರಪನಹಳ್ಳಿಯವರಂತೂ ಆ ಸೌಲಭ್ಯಕ್ಕಾಗಿ ಹೋರಾಡಿ, ದಾವಣಗೆರೆ ಜಿಲ್ಲೆ ಬಿಟ್ಟು ಬಳ್ಳಾರಿಗೆ ಮರಳಿದವರು, ಅಲ್ಲಿಂದ 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದವರು. ನಿಯಮ ಬರಹದಲ್ಲಿದ್ದರೆ, ತಾರೀಖು ಗೊತ್ತಿದ್ದರೆ ನಮ್ಮ ಜನ ಬಿಡುವವರಲ್ಲ. ಕ್ರೀಡೆಯ ದಾರಿಗೆ ಬರಹವೂ ಇಲ್ಲ, ತಾರೀಖೂ ಇಲ್ಲ. ಕಾಲೇಜಿನ ಫೋನು ಏಪ್ರಿಲಿನಲ್ಲೂ ಬರಬಹುದು, ಜುಲೈಯಲ್ಲೂ ಬರಬಹುದು. ಅಷ್ಟರಲ್ಲಿ ಮಗು ಊರಿನ ಕಾಲೇಜಿಗೆ ದುಡ್ಡು ಕಟ್ಟಿ ಕೂತಿರುತ್ತದೆ.

ಹುಡುಗಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಹಡಗಲಿ ಮಲ್ಲಿಗೆಯ ಮೊಗ್ಗು ಬಿಡಿಸುವ ಕೆಲಸ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ, ಬಿಸಿಲು ಏರಿದರೆ ಮೊಗ್ಗು ಅರಳಿ ಬೆಲೆ ಬೀಳುತ್ತದೆ. ಕ್ರೀಡಾ ಅಭ್ಯಾಸಕ್ಕೆ ಎಲ್ಲ ಪುಸ್ತಕಗಳೂ ಹೇಳುವ ಹೊತ್ತೂ ಅದೇ ನಸುಕು. ಹೂವಿನ ಸಾಲಿನಲ್ಲಿ ಬಾಗಿ ನಿಂತು, ಶಾಲೆಗೆ ಓಡಿ, ಸಂಜೆ ಗಂಟೆ ಹೊಡೆದ ಮೇಲೆ ಒಂದು ತಾಸು ಖೋಖೋ ಆಡಿ ಮನೆಗೆ ಹೋಗುವ ಹುಡುಗಿಯರೇ ನಮ್ಮ ತಂಡಗಳ ಬೆನ್ನೆಲುಬು. ಅವರ ಮನೆಯವರು ದೂರದ ಕಾಲೇಜಿಗೆ ಕಳಿಸಲು ಒಪ್ಪದಿದ್ದರೆ ಅದನ್ನು ಹಿಂದುಳಿದ ಮನಸ್ಸು ಎಂದು ಬರೆದುಬಿಡುವುದು ಸುಲಭ. ಯಾರ ಹೆಸರಿನಲ್ಲಿ, ಯಾವ ಕಾಗದದ ಭರವಸೆಯ ಮೇಲೆ ಕಳಿಸಬೇಕು ಎಂದು ಅವರು ಕೇಳಿದರೆ ಉತ್ತರ ನಮ್ಮ ಹತ್ತಿರವೂ ಇಲ್ಲ. ಕೇಳಿದ ಪ್ರಶ್ನೆ ಸರಿಯಾದದ್ದೇ.

ಪರಿಹಾರಕ್ಕೆ ಗಾಲ್ಫಿನ ಹಣ ಬೇಕಿಲ್ಲ, ಅದರ ಶಿಸ್ತಿನ ಒಂದು ಭಾಗ ಸಾಕು. ಖೋಖೋದ ಅಂಕಿ ಆಗಲೇ ಬರೆದಿದೆ. ತಾಲ್ಲೂಕು ಕೂಟದ ಸ್ಕೋರ್ ಶೀಟನ್ನು ಪಂದ್ಯ ಮುಗಿದ ತಕ್ಷಣ ಮೊಬೈಲಿನಲ್ಲಿ ಫೋಟೊ ತೆಗೆದು, ಸೋತ ಶಾಲೆಗೂ ಸಹಿ ಮಾಡಿದ ಪ್ರತಿ ಕೊಡುವುದಕ್ಕೆ ಸರ್ಕಾರಿ ಆದೇಶವೂ ಬೇಕಾಗಿಲ್ಲ. ಕಬಡ್ಡಿಯ ಹಾಳೆ ಬಹುಮಟ್ಟಿಗೆ ತಂಡದ ಲೆಕ್ಕ. ಆದರೆ ಪ್ರೊ ಕಬಡ್ಡಿ 2014ರಲ್ಲಿ ಶುರುವಾದ ಮೇಲೆ ಯಾರು ಎಷ್ಟು ರೈಡ್ ಪಾಯಿಂಟು ತಂದರು, ಯಾರು ಎಷ್ಟು ಕ್ಯಾಚು ಹಿಡಿದರು ಎಂದು ಟೀವಿ ನೋಡಿದ ಮಕ್ಕಳೇ ಬಾಯಿಪಾಠ ಹೇಳುತ್ತಾರೆ. ಹೊರಗೆ ಕೂತ ಬದಲಿ ಆಟಗಾರನ ಕೈಗೆ ಪೆನ್ನು ಕೊಟ್ಟರೆ ನಮ್ಮ ತಂಡದ ಲೆಕ್ಕವೂ ಸಿಗುತ್ತದೆ. ಎದುರಾಳಿ ಎಷ್ಟು ಬಲಿಷ್ಠ ಎಂಬುದನ್ನೂ ಪಕ್ಕದಲ್ಲಿ ಬರೆದಿಡಬೇಕು, ಗಾಲ್ಫಿನವರು ಅಂಗಳದ ಕಷ್ಟವನ್ನು ಬರೆದಂತೆ. ಜಿಲ್ಲಾ ಚಾಂಪಿಯನ್ ತಂಡದ ವಿರುದ್ಧ ನಿಂತ ಎರಡು ನಿಮಿಷಕ್ಕೂ ಮೊದಲ ಸುತ್ತಿನ ಮೂರು ನಿಮಿಷಕ್ಕೂ ಒಂದೇ ಬೆಲೆಯಲ್ಲ.

ಇಲಾಖೆ ಮಾಡಬೇಕಾದದ್ದು ಇನ್ನೊಂದಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಜಿಲ್ಲೆಗೊಂದು ವಾರ ಗೊತ್ತುಮಾಡಿ, ಆಟಗಾರರನ್ನು ಬಯಸುವ ಕಾಲೇಜುಗಳೆಲ್ಲ ಅದೇ ವಾರ, ಅದೇ ಮೈದಾನಕ್ಕೆ ಬಂದು ನೋಡಲಿ ಎನ್ನಬೇಕು. ಶಾಲೆಯ ತಂಡ ಎಲ್ಲಿ ಸೋತಿದ್ದರೂ ಯಾರು ಬೇಕಾದರೂ ಬಂದು ಆಡಬಹುದು ಎಂಬ ಷರತ್ತು ಇರಬೇಕು. ಕಾಲೇಜುಗಳಿಗೂ ಇದು ಲಾಭವೇ, ಒಂದು ಕಡೆ ಕೂತು ಐದಾರು ತಾಲ್ಲೂಕು ನೋಡಬಹುದು. ಈ ಸಲಹೆ ಕಚೇರಿಗಳಲ್ಲಿ ಎಷ್ಟು ದೂರ ಹೋಗುತ್ತದೆ ಎಂಬ ಬಗ್ಗೆ ನನಗೆ ಭ್ರಮೆಗಳಿಲ್ಲ.

ಅದಾಗುವತನಕ ತಂದೆ ತಾಯಂದಿರು ಒಂದು ಕೆಲಸ ಮಾಡಬಹುದು. 'ಎಲ್ಲಾ ಫ್ರೀ' ಎಂದು ಫೋನು ಮಾಡಿದ ಕಾಲೇಜಿನಿಂದ ಲೆಟರ್‌ಹೆಡ್ಡಿನ ಮೇಲೆ ಐದು ಸಾಲು ಬರೆಸಿಕೊಳ್ಳಿ: ಎಷ್ಟು ವರ್ಷ, ಯಾವ ಕೋರ್ಸು, ಊಟ ವಸತಿ ಯಾರದು, ಗಾಯವಾದರೆ ಚಿಕಿತ್ಸೆ ಮತ್ತು ಸೀಟಿನ ಗತಿ ಏನು, ಬಿಟ್ಟು ಬಂದರೆ ದಾಖಲೆ ಎಷ್ಟು ದಿನದಲ್ಲಿ ಕೊಡುತ್ತಾರೆ. ಪ್ರಿನ್ಸಿಪಾಲರ ಸಹಿ, ಸೀಲು ಇರಲಿ. ಸಂಕೋಚ ಬೇಡ, ಮಾಸ್ತರರು ಏನಂದುಕೊಂಡಾರು ಎಂಬ ಅಳುಕೂ ಬೇಡ, ಅವರಿಗೂ ಈ ಕಾಗದ ರಕ್ಷಣೆಯೇ. ಬರೆದುಕೊಡುವ ಕಾಲೇಜಿಗೆ ಧೈರ್ಯವಾಗಿ ಕಳಿಸಿ. ಬರೆದುಕೊಡಲು ಒಪ್ಪದ ಕಾಲೇಜಿಗೆ ಮಗಳನ್ನು ಕಳಿಸಬೇಡಿ.